ಎಡಗಾಲಿನ ಪಟ್ಟಿ, ಬಲಗಾಲಿನ ಹೆಂಗಸು

ನನ್ನ ದೊಡ್ಡಮ್ಮನಿಗೆ ಕೋಪ ಬಂದರೆ ದನಿ ಏರುವುದಿಲ್ಲ, ಇಳಿಯುತ್ತದೆ. ಬಯ್ಗುಳ ಕೇಳಿಸಬೇಕಾದರೆ ಬಯ್ಯಿಸಿಕೊಳ್ಳುವವನೇ ಬಗ್ಗಿ ಹತ್ತಿರ ಹೋಗಬೇಕು. ಕೆಲಸಕ್ಕೆ ಸೇರಿದ ಮೊದಲ ವಾರ ನಾನು ಅದೆಷ್ಟು ಸಲ ಬಗ್ಗಿದೆನೆಂದರೆ, ಆಚೆ ತುದಿಯಲ್ಲಿ ಕಬ್ಬಿಣದ ಕೆಲಸ ಮಾಡುವವರು ನನಗೆ 'ನಮಸ್ಕಾರ' ಎಂದೇ ಹೆಸರಿಟ್ಟರು. ಇವತ್ತಿಗೂ ಅಲ್ಲಿ ನನ್ನನ್ನು ಹಾಗೇ ಕರೆಯುತ್ತಾರೆ. "ನಮಸ್ಕಾರ ಬಂದ್ನಾ?" "ನಮಸ್ಕಾರ ಊಟಕ್ಕೆ ಹೋಗಿದ್ದಾನೆ."

ಆಸ್ಪತ್ರೆಯ ಹಿಂಭಾಗದಲ್ಲಿ, ಬಟ್ಟೆ ಒಗೆಯುವ ಮನೆ ದಾಟಿದರೆ, ಕೃತಕ ಕಾಲು ಮಾಡುವ ಉದ್ದನೆಯ ಶೆಡ್ಡು. ಒಂದು ತುದಿಯಲ್ಲಿ ಕಬ್ಬಿಣ, ಇನ್ನೊಂದು ತುದಿಯಲ್ಲಿ ಚರ್ಮ, ನಡುವಿನ ಗೋಡೆಗೆ ಹೊಡೆದ ಹಲಗೆಗಳ ಮೇಲೆ ಬಿಳಿ ಪ್ಲಾಸ್ಟರಿನ ತೊಡೆಗಳು, ಮೊಣಕಾಲುಗಳು, ಒಂದೊಂದಕ್ಕೂ ಒಂದೊಂದು ನಂಬರು. ಚರ್ಮದ ಮೇಜು ದೊಡ್ಡಮ್ಮನದು. ಮೂವತ್ತೊಂದು ವರ್ಷದಿಂದ ಅವಳದೇ.

ನಾನು ಅಲ್ಲಿಗೆ ಹೋದದ್ದು ಕಸುಬಿನ ಮೇಲಿನ ಪ್ರೀತಿಯಿಂದ ಎಂದರೆ ನನ್ನ ಅಮ್ಮ ಬಿದ್ದು ಬಿದ್ದು ನಗುತ್ತಾಳೆ. ಎರಡು ವರ್ಷದಲ್ಲಿ ಮೂರು ಕೆಲಸ ಬಿಟ್ಟಿದ್ದೆ. ಬಿಟ್ಟಿದ್ದೆ ಎನ್ನುವುದು ನನ್ನ ಮಾತು, ಬಿಡಿಸಿದ್ದರು ಎನ್ನುವುದು ಅವರ ಮಾತು. ಅಮ್ಮ ತನ್ನ ಅಕ್ಕನಿಗೆ ಫೋನು ಹಚ್ಚಿ, "ಇವನನ್ನ ನಿನ್ನ ಪಕ್ಕ ಕೂರಿಸ್ಕೊಳ್ಳೇ, ಮನೇಲಿದ್ರೆ ನಾನೇ ಇವನ ಚರ್ಮ ಸುಲಿದುಬಿಡ್ತೀನಿ" ಎಂದಳು. ಆ ಕಡೆಯಿಂದ ದೊಡ್ಡಮ್ಮ ಏನೆಂದಳೋ ಕೇಳಿಸಲಿಲ್ಲ. ದನಿ ಇಳಿಸಿಯೇ ಮಾತಾಡಿರಬೇಕು. ಹೀಗೆ ಇಪ್ಪತ್ತನಾಲ್ಕನೇ ವಯಸ್ಸಿನಲ್ಲಿ ನಾನು ದಿನಗೂಲಿಯ ಮೇಲೆ ಚರ್ಮದ ಸಹಾಯಕನಾದೆ.

ಮೊದಲು ನನಗಾಗಿ ನಾನೇ ಒಂದು ಬೆಲ್ಟು ಮಾಡಿಕೊಳ್ಳಬೇಕು, ಅದು ಅವಳ ಪದ್ಧತಿ. ಸೊಂಟಕ್ಕೆ ಟೇಪು ಸುತ್ತಿದೆ, ಬಂದ ಅಳತೆಗೆ ಸರಿಯಾಗಿ ಪಟ್ಟಿ ಕೊಯ್ದೆ. ಬಕಲ್ಲಿಗೆ ಮಡಚಲು, ತೂತು ದಾಟಿ ತುದಿ ಒಳಗೆ ಹೋಗಲು ಇನ್ನೂ ಒಂದು ಗೇಣು ಬೇಕೆಂಬುದು ಹೊಳೆದದ್ದು ಉಸಿರು ಹಿಡಿದು ಹೊಟ್ಟೆ ಒಳಗೆಳೆದುಕೊಂಡಾಗ. ದೊಡ್ಡಮ್ಮ ಅದನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದಳು.

"ಇದನ್ನ ತಲೆಗೆ ಕಟ್ಕೊ. ಒಳಗೆ ಏನೂ ಇಲ್ವಲ್ಲ, ಸಲೀಸಾಗಿ ಕೂತ್ಕೊಳ್ಳುತ್ತೆ."

ಎರಡನೆಯದು ಉದ್ದವಾಯಿತು, ಆದರೆ ಒದ್ದೆ ಮಾಡಿ ಬಾಗಿಸಿದ ಮೇಲೆ ಬೇಗ ಒಣಗಲಿ ಎಂದು ತಗಡಿನ ಮಾಡಿನ ಮೇಲೆ ಬಿಸಿಲಿಗೆ ಹಾಕಿದೆ. ಸಂಜೆ ಇಳಿಸಿ ತಟ್ಟಿದರೆ ಬಾಗಿಲು ಬಡಿದ ಸದ್ದು. ಮೂರನೆಯದರ ಹೊಲಿಗೆಯಲ್ಲಿ ತೂತುಗಳನ್ನು ಅಂಚೆಚೀಟಿಯ ಅಂಚಿನ ಹಾಗೆ ಒತ್ತೊತ್ತಾಗಿ ಚುಚ್ಚಿ, ದಾರ ಜಗ್ಗಿ ಎಳೆದೆ. ಅಂಚೆಚೀಟಿಯ ಹಾಗೆಯೇ ಹರಿಯಿತು. ಬಿಸಾಡಲು ಹೋದರೆ ದೊಡ್ಡಮ್ಮ ಬಿಡಲಿಲ್ಲ. "ಹಾಳು ಮಾಡಿದವನೇ ಸರಿ ಮಾಡ್ಬೇಕು. ಹೊಸದು ಮಾಡೋದು ಯಾರಿಗಾದ್ರೂ ಬರುತ್ತೆ." ಹರಿದ ಅಂಚನ್ನು ರಂಪಿಗೆಯಿಂದ, ಅಂದರೆ ಅಗಲ ಬಾಯಿಯ ಕತ್ತಿಯಿಂದ, ಎಲೆಯಷ್ಟು ತೆಳ್ಳಗೆ ಹೆರೆದು, ಇನ್ನೊಂದು ಪಟ್ಟಿಯ ತೆಳು ಅಂಚನ್ನು ಅದರ ಮೇಲೆ ಕೂರಿಸಿ, ಮೇಣ ತಿಕ್ಕಿದ ದಾರದ ಎರಡೂ ತುದಿಗೆ ಸೂಜಿ ಹಾಕಿ, ಒಂದೇ ತೂತಿನಲ್ಲಿ ಆ ಕಡೆಯಿಂದ ಒಂದು ಈ ಕಡೆಯಿಂದ ಒಂದು ದಾಟಿಸಿ ಹೊಲಿಯುವುದನ್ನು ಕಲಿತೆ. ಕಲಿತೆ ಎಂದರೆ, ಹನ್ನೊಂದು ಸಲ ಬಿಚ್ಚಿದೆ.

ಇಷ್ಟೊಂದು ಸಿಟ್ಟು ಇವಳಿಗೆ ಎಲ್ಲಿಂದ ಬಂತು ಎಂದು ಕಬ್ಬಿಣದವರನ್ನು ಕೇಳಿದೆ. ಅವರು ಹೇಳಿದ ಕಥೆ ನಮ್ಮ ಮನೆಯದೇ, ಮನೆಯಲ್ಲಿ ಯಾರೂ ಹೇಳಿರಲಿಲ್ಲ. ದೊಡ್ಡಪ್ಪ ಮರ ಕೊಯ್ಯುವ ಮಿಲ್ಲಿನಲ್ಲಿ ಕಾಲು ಕಳೆದುಕೊಂಡಾಗ ಇದೇ ಶೆಡ್ಡಿನಲ್ಲಿ ಅವರಿಗೆ ಕಾಲು ಮಾಡಿಕೊಟ್ಟರು. ತೊಡೆಗೆ ಬಿಗಿಯುವ ಚರ್ಮದ ಪಟ್ಟಿ ಒಳಗಡೆ ಒತ್ತಿ ಹುಣ್ಣಾಯಿತು. ದೊಡ್ಡಮ್ಮ ಆ ಕಾಲನ್ನು ಚೀಲದಲ್ಲಿ ಹಾಕಿಕೊಂಡು ಬಂದಳು. "ಹೊಸದಲ್ವಾ, ಅಡ್ಜಸ್ಟ್ ಆಗುತ್ತೆ" ಎಂದರು ಆಗಿನ ಮೇಸ್ತ್ರಿ. ಎರಡನೇ ಸಲ ಬಂದಳು, ಅದೇ ಮಾತು. ಮೂರನೇ ಸಲ ಮೇಸ್ತ್ರಿ ಪಟ್ಟಿಯನ್ನು ಮೇಜಿನ ಮೇಲೆ ಎಸೆದು, "ನೀನೇ ಮಾಡ್ಕೊ ಹಂಗಾದ್ರೆ, ಹೊಲಿಯೋಕೆ ಬರುತ್ತಾ?" ಎಂದರು. "ಹಾಸಿಗೆ ಹೊಲಿದಿದ್ದೀನಿ" ಎಂದು ಅಲ್ಲೇ ಕೂತಳು. ಏಳಲೇ ಇಲ್ಲ. ದೊಡ್ಡಪ್ಪ ಅವಳು ಹೊಲಿದ ಪಟ್ಟಿ ಕಟ್ಟಿಕೊಂಡು ಹನ್ನೊಂದು ವರ್ಷ ನಡೆದರು. ಅವರು ಹೋದ ಮೇಲೂ ಅವಳು ಬೇರೆಯವರ ತೊಡೆಗಳಿಗೆ ಹೊಲಿಯುತ್ತಲೇ ಇದ್ದಾಳೆ, ಎರಡು ಕಾಲಿನವರ ಮೇಲೆ ಕೆಂಡ ಕಾರುತ್ತಲೇ ಇದ್ದಾಳೆ.

ಇನ್ನು ನನ್ನ ಪುಣ್ಯಕಾರ್ಯಕ್ಕೆ ಬರುತ್ತೇನೆ.

ರೈಲ್ವೆ ಗೇಟು ಕಾಯುವ ಒಬ್ಬ ಹೆಂಗಸಿಗೆ ಬಲಗಾಲು ಮೊಣಕಾಲಿನ ಕೆಳಗೆ ಹೋಗಿತ್ತು. ನಾವೆಲ್ಲ ಅವಳನ್ನು ಗೇಟಕ್ಕ ಎನ್ನುತ್ತಿದ್ದೆವು. ಮುಂದಿನ ವಾರದ ಗುರುವಾರ ಇಲಾಖೆಯ ಡಾಕ್ಟರ ಎದುರು ಅವಳ ಪರೀಕ್ಷೆ: ಊರುಗೋಲಿಲ್ಲದೆ ಮೂವತ್ತು ಹೆಜ್ಜೆ ನಡೆಯಬೇಕು, ನಿಂತು ಗೇಟು ಇಳಿಸುವ ಚಕ್ರ ತಿರುಗಿಸಬೇಕು. ಆಗದಿದ್ದರೆ ಕೆಲಸ ಹೋಯಿತು, ಕೆಲಸದ ಜೊತೆಗೆ ಗೇಟಿನ ಪಕ್ಕದ ಎರಡು ಕೋಣೆಯ ಮನೆಯೂ ಹೋಯಿತು. ದೊಡ್ಡಮ್ಮ ಅವಳ ತೊಡೆಯ ಅಚ್ಚು ತೆಗೆದು, ರಟ್ಟಿನಲ್ಲಿ ಪಟ್ಟಿಯ ಮಾದರಿ ಕತ್ತರಿಸಿಟ್ಟಳು. ಅಷ್ಟರಲ್ಲಿ ದೊಡ್ಡಮ್ಮನಿಗೇ ಜ್ವರ ಬಂತು. ಮಲಗಿದಲ್ಲಿಂದಲೇ ಫೋನು ಮಾಡಿದಳು: "ದಪ್ಪ ಚರ್ಮ ಒಂದೇ ಹಾಳೆ ಉಳಿದಿರೋದು. ನೋಡಿಕೊಂಡು ಕೊಯ್ಯಿ."

ನೋಡಿಕೊಂಡೇ ಕೊಯ್ದೆ. ಚರ್ಮದ ನುಣುಪಾದ ಮೈಮೇಲೆ ಗೀಟು ಬಿದ್ದರೆ ಹೋಗುವುದಿಲ್ಲವಲ್ಲ ಎಂದು ಬಹಳ ಬುದ್ಧಿವಂತನ ಹಾಗೆ ಹಾಳೆಯನ್ನು ಮಗುಚಿ, ಒರಟಾದ ಒಳಮೈ ಮೇಲೆ ರಟ್ಟು ಇಟ್ಟು ಗುರುತು ಹಾಕಿದೆ. ಹಾಳೆ ಮಗುಚಿದ ಮೇಲೆ ರಟ್ಟನ್ನೂ ಮಗುಚಬೇಕಿತ್ತು. ಮಗುಚಲಿಲ್ಲ. ತೊಡೆಯ ಹೊರಗಡೆ ಎತ್ತರ, ಒಳಗಡೆ ತಗ್ಗು ಇರಬೇಕಾದ ಪಟ್ಟಿ ಉಲ್ಟಾ ಆಯಿತು. ಬಲಗಾಲಿನ ಹೆಂಗಸಿಗೆ ನಾನು ಅಂದವಾದ ಎಡಗಾಲಿನ ಪಟ್ಟಿ ಕೊಯ್ದಿಟ್ಟೆ. ಗೊತ್ತಾದದ್ದು ಲೇಸಿನ ತೂತು, ರಿವೆಟ್ಟಿನ ತೂತು ಎಲ್ಲ ಹೊಡೆದು, ಒದ್ದೆ ಮಾಡಿ, ಪ್ಲಾಸ್ಟರಿನ ತೊಡೆಗೆ ಸುತ್ತಿದಾಗ.

ಆಗಲಾದರೂ ಫೋನು ಮಾಡಬಹುದಿತ್ತು. ಮಾಡಿದೆ ಕೂಡ. "ಎಲ್ಲ ಸರಿ ಇದೆ ದೊಡ್ಡಮ್ಮ, ನೀನು ಮಲಗು" ಎಂದೆ.

ಪಟ್ಟಿಯನ್ನು ಕೃತಕ ಕಾಲಿಗೆ ಸೇರಿಸಲು ಎರಡೂ ಪಕ್ಕಕ್ಕೆ ಉಕ್ಕಿನ ಸರಳು ಬರುತ್ತದೆ. ಹೊರಗಡೆಯ ಸರಳು ಉದ್ದ, ಅದಕ್ಕೆ ಮೂರು ರಿವೆಟ್ಟು. ಒಳಗಡೆಯದು ಗಿಡ್ಡ, ಅದಕ್ಕೆ ಎರಡು. ಈಗ ಹೊರಗಡೆ ಬಂದದ್ದು ತಗ್ಗಿನ ಭಾಗ, ಅದರಲ್ಲಿ ಇದ್ದದ್ದು ಎರಡೇ ತೂತು. ಅಂಚಿಗೆ ಅರ್ಧ ಬೆರಳೂ ಜಾಗ ಬಿಡದೆ ಮೂರನೇ ತೂತು ಹೊಡೆದು, ರಿವೆಟ್ಟು ಬಡಿದು, ಮೇಲೆ ಕಪ್ಪು ಬಣ್ಣ ಸವರಿದೆ. ನೋಡಲು ಭೇಷಾಗಿತ್ತು. ಕೆಟ್ಟ ಕೆಲಸವನ್ನು ನಾನು ಅಷ್ಟು ಅಚ್ಚುಕಟ್ಟಾಗಿ ಅದಕ್ಕೆ ಮೊದಲು ಮಾಡಿರಲಿಲ್ಲ.

ಸೋಮವಾರ ಗೇಟಕ್ಕ ಒಂಬತ್ತಕ್ಕೇ ಬಂದಳು. ಜ್ವರ ಬಿಟ್ಟು ಕೆಲಸಕ್ಕೆ ಹೊರಟಿದ್ದ ದೊಡ್ಡಮ್ಮ ಇನ್ನೂ ಬಸ್ಸಿನಲ್ಲಿದ್ದಳು. ಅವಳು ಬರುವುದರೊಳಗೆ ಕಟ್ಟಿ, ನಡೆಸಿ, ಕಳಿಸಿಬಿಟ್ಟರೆ ಬಚಾವು ಎಂದು ಅವಸರವಾಗಿ ಲೇಸು ಬಿಗಿದೆ.

"ತಮ್ಮಾ, ಒಳಗಡೆ ಚುಚ್ತಾ ಇದೆ."

"ಹೊಸದಲ್ವಾ ಅಕ್ಕಾ," ಎಂದೆ, "ಅಡ್ಜಸ್ಟ್ ಆಗುತ್ತೆ."

ಅವಳು ನಡೆದು ನೋಡಲು ಹಾಕಿದ್ದ ಕಂಬಿ ಬಿಟ್ಟು ಒಂದು ಹೆಜ್ಜೆ ಇಟ್ಟಳು. ಇನ್ನೊಂದು ಇಟ್ಟಳು. ಮೂರನೆಯದಕ್ಕೆ ಮೇಲಿನ ರಿವೆಟ್ಟು ಚರ್ಮವನ್ನು ಹರಿದುಕೊಂಡು ಈಚೆ ಬಂತು, ಸರಳು ತಿರುಚಿಕೊಂಡಿತು, ಅವಳು ಮೊಣಕೈ ಊರಿ ಸಿಮೆಂಟಿನ ನೆಲಕ್ಕೆ ಬಿದ್ದಳು. ನಾನು ಎತ್ತಲು ಬಗ್ಗಿದಾಗ ಬಾಗಿಲಲ್ಲಿ ದೊಡ್ಡಮ್ಮನ ಚಪ್ಪಲಿ ಕಂಡಿತು. ಎಷ್ಟು ಹೊತ್ತಿನಿಂದ ಅಲ್ಲಿ ನಿಂತಿದ್ದಳೋ.

ಸದ್ದು ಕೇಳಿ ಸಾಹೇಬರೂ ಬಂದರು. ಸಾಹೇಬರು ಎಂದರೆ ಶೆಡ್ಡಿನ ಉಸ್ತುವಾರಿ, ಕೈಯಲ್ಲಿ ಸದಾ ಒಂದು ಕ್ಯಾಟಲಾಗು.

"ಇದಕ್ಕೇ ನಾನು ಹೇಳೋದು, ಚರ್ಮದ ಕಾಲ ಮುಗೀತು ಅಂತ. ರೆಡಿಮೇಡ್ ತರಿಸೋಣ. ಒಂದೂವರೆ ತಿಂಗಳು, ಅಷ್ಟೇ. ಪರೀಕ್ಷೆಗೆ ಬೇರೆ ತಾರೀಕು ಕೇಳ್ಕೊಳ್ಳಿ ಬಿಡಮ್ಮ."

ಗೇಟಕ್ಕ ನೆಲದ ಮೇಲೆ ಕೂತೇ ಮೊಣಕೈ ಉಜ್ಜಿಕೊಳ್ಳುತ್ತ ಹೇಳಿದಳು: "ಇದು ಎರಡನೇ ತಾರೀಕು ಸಾರ್. ಮೂರನೇದು ಇಲ್ಲ ಅಂತ ಬರೆದೇ ಕೊಟ್ಟಿದ್ದಾರೆ. ನೀವು ಬಂದು ನನ್ನ ಗೇಟು ಹಾಕ್ತೀರಾ ಒಂದೂವರೆ ತಿಂಗಳು?"

ಸಾಹೇಬರು ಕ್ಯಾಟಲಾಗು ಮಡಚಿದರು. "ಯಾರು ಮಾಡಿದ್ದು ಇದನ್ನ?"

ನಾನು ಬಾಯಿ ತೆರೆದೆ. "ಈ ಮೇಜಿನ ಮೇಲೆ ಆಗಿದ್ದು. ನನ್ನ ಹೆಸರು ಬರ್ಕೊಳ್ಳಿ" ಎಂದಳು ದೊಡ್ಡಮ್ಮ. "ಅದರ ಕೆಳಗೆ, ಆರು ತಿಂಗಳಿಂದ ದಪ್ಪ ಚರ್ಮ ಕೇಳ್ತಾ ಇದ್ದೀನಿ, ನೀವು ತರಿಸ್ಲಿಲ್ಲ ಅಂತಾನೂ ಬರ್ಕೊಳ್ಳಿ. ಕ್ಯಾಟಲಾಗಲ್ಲಿ ಜಾಗ ಇರುತ್ತಲ್ಲ."

ಸಾಹೇಬರು ಬರೆದುಕೊಳ್ಳದೆ ಹೋದರು. ನನಗೆ ಅವರ ಮೇಲೆ ಮೈ ಉರಿಯಿತು. ನಾಚಿಕೆಗೆಟ್ಟ ಮನಸ್ಸು ನೋಡಿ, ಬೀಳಿಸಿದವನು ನಾನು, ಉರಿದದ್ದು ಬೇರೆಯವರ ಮೇಲೆ. ಆಮೇಲೆ ದೊಡ್ಡಮ್ಮನ ಮೇಲೂ ಉರಿಯಿತು. ತಪ್ಪನ್ನಾದರೂ ನನ್ನ ಹೆಸರಿಗೆ ಬಿಡಬಾರದಿತ್ತೇ ಎಂದು.

ಅವಳು ಗೇಟಕ್ಕನನ್ನು ಸ್ಟೂಲಿನ ಮೇಲೆ ಕೂರಿಸಿ, ಮೊಣಕೈಗೆ ಔಷಧಿ ಹಚ್ಚಿ, "ಬುಧವಾರ ಮಧ್ಯಾಹ್ನ ಬಾ" ಎಂದಳು.

"ಆಗುತ್ತಾ ಅಕ್ಕಾ? ಆಗಲ್ಲ ಅಂದ್ರೆ ಈಗ್ಲೇ ಹೇಳ್ಬಿಡು. ಸಾಮಾನು ಕಟ್ಟೋಕೆ ನನಗೂ ಟೈಮ್ ಬೇಕು."

"ಸಾಮಾನು ಕಟ್ಬೇಡ."

ಅವಳು ಹೋದ ಮೇಲೆ ದೊಡ್ಡಮ್ಮ ಸರಳು ಕಳಚಿ, ಪಟ್ಟಿಯನ್ನು ಮೇಜಿನ ಮೇಲೆ ಹರಡಿದಳು. ದನಿ ಎಷ್ಟು ಇಳಿದಿತ್ತೆಂದರೆ ನಾನು ಮೇಜಿನ ಮೇಲೆ ಅರ್ಧ ಮಲಗಬೇಕಾಯಿತು.

"ಉಲ್ಟಾ ಕೊಯ್ದಿದ್ದು ಯಾವಾಗ ಗೊತ್ತಾಯ್ತು?"

"ಹೋದ ಗುರುವಾರ."

"ಫೋನಲ್ಲಿ ಏನಂದೆ?"

"ಎಲ್ಲ ಸರಿ ಇದೆ ಅಂದೆ."

"ಉಲ್ಟಾ ನಾನೂ ಕೊಯ್ದಿದ್ದೀನಿ. ಮೂರು ಸಲ. ಇಲ್ಲಿ ಕೂತವರೆಲ್ಲ ಕೊಯ್ದಿದ್ದಾರೆ." ಹರಿದ ತೂತಿನೊಳಗೆ ಕಿರುಬೆರಳು ತೂರಿಸಿ ನನ್ನ ಮುಖದ ಮುಂದೆ ಹಿಡಿದಳು. "ಇದನ್ನ ಯಾರೂ ಹೊಡೆದಿಲ್ಲ. ಆ ಹೆಂಗಸು ಚುಚ್ತಾ ಇದೆ ಅಂದಾಗ ನಿನ್ನ ಕಿವಿ ಎಲ್ಲಿತ್ತು? ಅವಳ ಕಾಲಿನ ವಿಷಯ ಅವಳಿಗೆ ಗೊತ್ತಿರುತ್ತಾ, ನಿನಗೆ ಗೊತ್ತಿರುತ್ತಾ? ಎರಡು ಕಾಲಲ್ಲಿ ನಿಂತ್ಕೊಂಡು ಒಂದು ಕಾಲಿನವಳಿಗೆ ಬುದ್ಧಿ ಹೇಳ್ತಾನೆ, ನೋಡು ಮಹಾನುಭಾವ."

ನನಗೆ ಅಳು ಬರಲಿಲ್ಲ. ಸಿಟ್ಟು ಬಂತು. "ಹೊಡಿ ಬೇಕಾದ್ರೆ, ಹೀಗೆ ಮೆತ್ತಗೆ ಮಾತಾಡ್ಬೇಡ" ಎಂದೆ.

"ಹೊಡೆಯೋಕೆ ಪುರುಸೊತ್ತಿಲ್ಲ. ರಂಪಿಗೆ ತಗೊ. ಇದನ್ನ ಹಿಂದುಗಡೆ ಸರಿಯಾಗಿ ಮಧ್ಯಕ್ಕೆ ಎರಡು ಮಾಡು."

ನಾನು ಅವಳನ್ನೇ ನೋಡಿದೆ. ಉಳಿದ ಒಂದೇ ಪಟ್ಟಿ, ಅದನ್ನೂ ಎರಡು ಮಾಡುವುದೇ? ಅವಳು ಹಳೆಯ ಕಾಗದದಲ್ಲಿ ಪಟ್ಟಿಯ ಆಕಾರ ಹರಿದು, ನಡುವೆ ಸೀಳಿ ತೋರಿಸಿದಳು. ಎತ್ತರದ ಅರ್ಧ ಒಳಗಡೆ ಬಂದಿದೆ, ತಗ್ಗಿನ ಅರ್ಧ ಹೊರಗಡೆ ಬಂದಿದೆ. ಎರಡನ್ನೂ ಅದಲು ಬದಲು ಮಾಡು. ಆಗ ಎತ್ತರದ್ದು ಹೊರಗೆ, ತಗ್ಗಿನದು ಒಳಗೆ. ಮುಂದೆ ಇದ್ದ ಲೇಸಿನ ಅಂಚುಗಳು ಹಿಂದಕ್ಕೆ ಹೋಗುತ್ತವೆ, ಹೋಗಲಿ, ಆ ತೂತುಗಳಲ್ಲೇ ದಾರ ಹಾಕಿ ಹಿಂದುಗಡೆ ಕಾಯಂ ಹೊಲಿಗೆ ಹಾಕೋಣ. ಈಗ ಸೀಳಿದ ಅಂಚು ಮುಂದಕ್ಕೆ ಬರುತ್ತದೆ, ಅದಕ್ಕೆ ಹೊಸದಾಗಿ ಲೇಸಿನ ತೂತು. ಮೂರು ರಿವೆಟ್ಟಿನ ಭಾಗ ಉದ್ದ ಸರಳಿಗೇ ಬರುತ್ತದೆ, ಎರಡು ರಿವೆಟ್ಟಿನದು ಗಿಡ್ಡ ಸರಳಿಗೇ. ಹರಿದ ತೂತಿನ ಮೇಲೆ ಭಾರವೇ ಬೀಳುವುದಿಲ್ಲ, ತೇಪೆ ಹಾಕಿದರೆ ಸಾಕು.

ಕಾಗದದ ಎರಡು ಚೂರು ಜಾಗ ಬದಲಿಸಿ ಬಲಗಾಲಾದವು. ನಾಲ್ಕು ದಿನ ನಾನು ಸುಳ್ಳಿಗೆ ಬಣ್ಣ ಬಳಿಯುತ್ತಾ ಕೂತಿದ್ದೆ, ಅವಳನ್ನು ಕೇಳಿದ್ದರೆ ಇದು ಎರಡು ನಿಮಿಷದ ಮಾತು. ಆ ಎರಡು ನಿಮಿಷ ನೆನೆದರೆ ನನಗೆ ಈಗಲೂ ನನ್ನ ಕಪಾಳಕ್ಕೆ ಬಾರಿಸಿಕೊಳ್ಳಬೇಕೆನಿಸುತ್ತದೆ.

"ನೀನೇ ಸೀಳು ದೊಡ್ಡಮ್ಮ. ನನಗೆ ಧೈರ್ಯ ಬರ್ತಿಲ್ಲ."

"ಫೋನಲ್ಲಿ ಸುಳ್ಳು ಹೇಳುವಾಗ ಬಂದಿತ್ತಲ್ಲ. ಸೀಳು."

ಸೀಳಿದೆ. ಅವಳು ಪಕ್ಕದಲ್ಲೇ ನಿಂತು ನೋಡಿದಳು. ಸೋಮವಾರ ಸಂಜೆಯವರೆಗೆ ಹಿಂದುಗಡೆಯ ಹೊಲಿಗೆ. ಒಂದು ಹೊಲಿಗೆ ವಾರೆಯಾದರೂ ದಬ್ಬಣದ ತುದಿಯಿಂದ ಅದನ್ನು ಮುಟ್ಟಿ ತೋರಿಸುತ್ತಿದ್ದಳು, ನಾನು ಬಿಚ್ಚುತ್ತಿದ್ದೆ. ತೇಪೆಯ ಅಂಚನ್ನು ಬೆರಳು ಆಡಿಸಿದರೆ ಗೊತ್ತಾಗಬಾರದಷ್ಟು ತೆಳ್ಳಗೆ ಹೆರೆಸಿದಳು, ತನ್ನ ಕಣ್ಣು ಮುಚ್ಚಿ ಬೆರಳು ಆಡಿಸಿ ನೋಡಿದಳು, ಮತ್ತೆ ಹೆರೆಸಿದಳು. ಪಟ್ಟಿಯನ್ನು ಪುನಃ ಒದ್ದೆ ಮಾಡಿ ಪ್ಲಾಸ್ಟರಿಗೆ ಬಿಗಿದು ನೆರಳಿನಲ್ಲಿಟ್ಟೆವು. ಮಂಗಳವಾರವಿಡೀ ಅದು ಒಣಗುವುದನ್ನೇ ನೋಡುವ ಕೆಲಸ. ಮೋಡ ಕವಿದಿತ್ತು. ಸ್ಟೌವಿನ ಪಕ್ಕ ಇಟ್ಟರೆ ಬೇಗ ಒಣಗಬಹುದೇ ಎಂದು ಕೇಳಬೇಕೆನಿಸಿತು. ಮಾಡಿನ ಮೇಲೆ ಒಣಗಿ ಹಲಗೆಯಾದ ಆ ಬೆಲ್ಟು ಜ್ಞಾಪಕಕ್ಕೆ ಬಂದು ಬಾಯಿ ಮುಚ್ಚಿಕೊಂಡೆ. ನನ್ನ ಕಲಿಕೆಯಲ್ಲಿ ಅದೊಂದು ಮುನ್ನಡೆ.

ಬುಧವಾರ ಮಧ್ಯಾಹ್ನ ಪಟ್ಟಿ ಇನ್ನೂ ತುಸು ತಣ್ಣಗಿತ್ತು. ಗೇಟಕ್ಕ ಕಟ್ಟಿಕೊಂಡು ಶೆಡ್ಡಿನ ಉದ್ದಕ್ಕೂ ಎರಡು ಸಲ ನಡೆದಳು. ದೊಡ್ಡಮ್ಮ ನೆಲದ ಮೇಲೆ ಕೂತು ಅವಳ ಕಾಲನ್ನೇ ನೋಡುತ್ತಿದ್ದಳು.

"ಎಲ್ಲಾದ್ರೂ ಚುಚ್ಚುತ್ತಾ?"

"ಇಲ್ಲ ಅಕ್ಕಾ."

"ನನ್ನ ಮುಖ ನೋಡಿ ಹೇಳ್ಬೇಡ. ಇನ್ನೊಂದು ಸುತ್ತು ನಡೆದು ಹೇಳು."

ಗುರುವಾರ ನನ್ನನ್ನೇ ಜೊತೆಗೆ ಕಳಿಸಿದಳು. ಇಲಾಖೆಯ ಆಸ್ಪತ್ರೆಯ ಕಾರಿಡಾರಿನಲ್ಲಿ ನೆಲಕ್ಕೆ ಸೀಮೆಸುಣ್ಣದ ಎರಡು ಗೆರೆ ಎಳೆದಿದ್ದರು. ಡಾಕ್ಟರು ಟೀ ಕುಡಿಯುತ್ತಾ, "ಹೂಂ, ನಡಿ" ಎಂದರು. ಅವಳು ನಡೆದಳು. ನಾನು ಒಂದೊಂದು ಹೆಜ್ಜೆಗೂ ಒಂದೊಂದು ರಿವೆಟ್ಟು ಕಿತ್ತುಬರುವುದನ್ನು ಕಾಯುತ್ತಿದ್ದೆ. ಮೂವತ್ತಾಯಿತು. ಡಾಕ್ಟರು ಕಪ್ಪು ಕೆಳಗಿಟ್ಟು, "ನೋಡ್ಲಿಲ್ಲ, ಇನ್ನೊಂದ್ಸಲ ನಡಿ" ಎಂದರು.

"ಈ ಸಲ ನೋಡ್ತೀರಾ, ಇಲ್ಲಾ ಇನ್ನೊಂದು ಟೀ ಇದೆಯಾ ಸಾರ್?" ಎಂದಳು ಗೇಟಕ್ಕ. ಕಾರಿಡಾರಿನಲ್ಲಿ ಕೂತವರೆಲ್ಲ ಡಾಕ್ಟರ ಕಡೆ ತಿರುಗಿದರು. ಡಾಕ್ಟರು ಕಾಗದ ಎಳೆದುಕೊಂಡು ಎಣಿಸತೊಡಗಿದರು. ಅವಳು ಮೂವತ್ತು ನಡೆದು, ತಿರುಗಿ, ಯಾರೂ ಹೇಳದಿದ್ದರೂ ಮತ್ತೆ ಮೂವತ್ತು ನಡೆದು ಅವರ ಮೇಜಿನ ಮುಂದೆ ನಿಂತಳು. ಪರೀಕ್ಷೆಗೆಂದು ಅಲ್ಲಿಟ್ಟಿದ್ದ ಚಕ್ರವನ್ನೂ ತಿರುಗಿಸಿದಳು. ಸಹಿ ಬಿತ್ತು.

ನಾನು ಓಡಿಬಂದು ಶೆಡ್ಡಿನ ಬಾಗಿಲಲ್ಲೇ ಕೂಗಿದೆ. ಕಬ್ಬಿಣದವರು ಸುತ್ತಿಗೆ ಬಡಿದು ಸದ್ದು ಮಾಡಿದರು. ದೊಡ್ಡಮ್ಮ ಕೈಯಲ್ಲಿದ್ದ ದಾರಕ್ಕೆ ಮೇಣ ತಿಕ್ಕುತ್ತಲೇ ಕೇಳಿದಳು:

"ಕೊನೇ ಹೆಜ್ಜೆಗಳಲ್ಲಿ ಕಾಲು ಹೊರಗಡೆ ಎಸೀತಾ ಇದ್ಲಾ, ನೇರ ಇಡ್ತಾ ಇದ್ಲಾ?"

ನನಗೆ ಗೊತ್ತಿರಲಿಲ್ಲ. ನಾನು ಡಾಕ್ಟರ ಮುಖ ನೋಡುತ್ತಿದ್ದೆ, ಕಾಗದ ನೋಡುತ್ತಿದ್ದೆ.

"ಪಾಸಾದ್ಲಲ್ಲ ದೊಡ್ಡಮ್ಮ!"

"ಪಾಸಾಗಿದ್ದು ಇವತ್ತು. ಕಟ್ಕೊಳ್ಳೋದು ದಿನಾ." ದನಿ ಇಳಿಯಿತು. "ಕಣ್ಣು ಕಾಲಿನ ಮೇಲೆ ಇಡೋಕೆ ಕಳಿಸಿದ್ದು ನಿನ್ನ. ನಾಳೆ ಬೆಳಿಗ್ಗೆ ಗೇಟಿಗೆ ಹೋಗು. ಅವಳು ಕೆಲಸ ಮಾಡುವಾಗ ನೋಡ್ಕೊಂಡು ಬಾ. ನೋಡದೆ ಬಂದ್ರೆ ಈ ಕಡೆ ಬರಬೇಡ."

ಹೋದೆ, ದಾರಿಯುದ್ದಕ್ಕೂ ಗೊಣಗಿಕೊಂಡು. ಒಂದು ಒಳ್ಳೆಯ ಮಾತು ಆಡಿದ್ದರೆ ಇವಳ ಗಂಟೇನು ಹೋಗುತ್ತಿತ್ತು?

ಗೇಟಕ್ಕ ನನ್ನನ್ನು ಕಂಡವಳೇ ಶುರು ಮಾಡಿದಳು: "ಬಂದ್ಯಾ? ಹೇಳು ನಿಮ್ಮ ದೊಡ್ಡಮ್ಮನಿಗೆ, ಚಕ್ರ ತಿರುಗಿಸೋಕೆ ಬಗ್ಗಿದ್ರೆ ಹಿಂದುಗಡೆ ಹೊಲಿಗೆ ಒತ್ತುತ್ತೆ. ಬೆಳಗಿಂದ ಆರು ರೈಲು, ಆರು ಸಲ ಒತ್ತಿದೆ. ಅಡ್ಜಸ್ಟ್ ಆಗುತ್ತೆ ಅಂದ್ಯೋ, ಇದೇ ಬಾವುಟದ ಕೋಲಲ್ಲಿ ಬಾರಿಸ್ತೀನಿ."

"ಅನ್ನಲ್ಲ ಅಕ್ಕಾ. ಎಲ್ಲಿ ಒತ್ತುತ್ತೆ, ಬಗ್ಗಿ ತೋರಿಸು."

ಅಷ್ಟರಲ್ಲಿ ಗಂಟೆ ಹೊಡೆಯಿತು. ಅವಳು ಚಕ್ರ ತಿರುಗಿಸಿದಳು, ಗೇಟು ಇಳಿಯತೊಡಗಿತು. ನಾನು ಅವಳ ಹಿಂದೆ ಮಣ್ಣಿನಲ್ಲಿ ಕುಕ್ಕರಗಾಲಲ್ಲಿ ಕೂತು ಲಂಗದ ಮೇಲಿಂದಲೇ ಪಟ್ಟಿ ಎಲ್ಲಿ ಮಡಚುತ್ತದೆಂದು ನೋಡುತ್ತಿದ್ದೆ. ಕೆಳಗಿನಿಂದ ಎರಡನೇ ತೂತಿನ ಹತ್ತಿರ. ಬೆರಳಗಲ ಹೆರೆಯಬೇಕು. ಆಗ ಒಂದು ಲಾರಿ ಹಾರ್ನು ಹೊಡೆಯುತ್ತಾ ಬಂದು ಅರ್ಧ ಇಳಿದ ಗೇಟಿನ ಕೆಳಗೆ ಮೂತಿ ತೂರಿಸಿತು.

"ಏಯ್, ಎತ್ತೇ ಗೇಟು! ರೈಲು ಇನ್ನೂ ಎಲ್ಲೋ ಇದೆ!" ಎಂದ ಡ್ರೈವರು.

ಗೇಟಕ್ಕ ಚಕ್ರ ಬಿಟ್ಟಳು, ಆಸರೆಗೆ ಹಿಡಿದಿದ್ದ ಕಂಬಿ ಬಿಟ್ಟಳು, ಬಾವುಟದ ಕೋಲು ಎತ್ತಿಕೊಂಡು ಜಲ್ಲಿಕಲ್ಲಿನ ಮೇಲೆ ದಡದಡನೆ ಲಾರಿಯ ಮುಂದಕ್ಕೆ ನಡೆದಳು. "ಎಲ್ಲೋ ಇದೆಯಾ? ಇಳಿ ಕೆಳಗೆ! ಇಳಿದು ಹಳಿ ಮೇಲೆ ತಲೆ ಇಟ್ಟು ನೋಡು ಎಲ್ಲಿದೆ ಅಂತ! ತೆಗಿ ಹಿಂದಕ್ಕೆ!"

ಹದಿನೇಳು ಹೆಜ್ಜೆ. ಕಾಲು ನೇರ ಇಡುತ್ತಿದ್ದಳು. ಲಾರಿ ಹಿಂದೆ ಸರಿಯಿತು.